ಮಗುವಿನ ಬಾಲದ ಮೂಳೆಯ ಹತ್ತಿರ ಗಡ್ಡೆ: ಪತ್ತೆ ಹೇಗೆ, ಯಾವ ಕ್ರಮದಲ್ಲಿ

ಬಾಣಂತನದ ಮನೆಯಲ್ಲಿ ಕೂಸಿಗೆ ನೀರು ಹಾಕುವ ಅಜ್ಜಿ ಬಚ್ಚಲಲ್ಲಿ ಎರಡೂ ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಳ್ಳುತ್ತಾಳೆ. ಎಣ್ಣೆ ಸವರಿದ ಅಂಗೈ ಕತ್ತಿನಿಂದ ಹೊರಟು ಬೆನ್ನಿನ ಗುಂಟ ಇಳಿದು ಕುಂಡೆಯ ಸೀಳಿನ ತನಕ ಬರುತ್ತದೆ. "ಇಲ್ಲೊಂಚೂರು ಊದಿದಂಗಿದೆಯಲ್ಲೇ, ಆ ಕಡೆ ಇಲ್ಲ, ಈ ಕಡೆ ಮಾತ್ರ" ಎಂದು ಅವಳು ಹೇಳಿದ ಮಾತನ್ನು ನಾನು ಕೇಸ್‌ಶೀಟಿನಲ್ಲಿ ಹಾಗೇ ಬರೆದುಕೊಂಡದ್ದುಂಟು. ಮಕ್ಕಳ ಶಸ್ತ್ರಚಿಕಿತ್ಸೆ ಮಾಡಿಕೊಂಡಿರುವ ನನಗೆ ಆ ಕೈಯ ಮೇಲೆ ಬಹಳ ನಂಬಿಕೆ. ಹೊರಗೆ ಕಾಣುವ ಗಡ್ಡೆಯನ್ನು ಅದು ತಪ್ಪಿಸುವುದಿಲ್ಲ. ತಪ್ಪುವುದು ಒಳಗೇ ಬೆಳೆಯುವ ಗಡ್ಡೆ. ಅದು ತಿಂಗಳುಗಟ್ಟಲೆ 'ಮಲಬದ್ಧತೆ' ಎಂಬ ಹೆಸರಿನಲ್ಲಿ ಸಿರಪ್ ಕುಡಿಯುತ್ತ ಕೂತಿರುತ್ತದೆ. ಈ ಬರಹದ ಹೆಚ್ಚಿನ ಪಾಲು ಅದಕ್ಕೇ ಮೀಸಲು.

ಬೆನ್ನುಮೂಳೆಯ ತುದಿಯಲ್ಲಿ ಮಕ್ಕಳಿಗೆ ಬರುವ ಗಡ್ಡೆಗಳು ಹಲವು. ನವಜಾತ ಶಿಶುಗಳಲ್ಲಿ ಹೆಚ್ಚಾಗಿ ಸಿಗುವುದು ಸೇಕ್ರೊಕಾಕ್ಸಿಜಿಯಲ್ ಟೆರಟೋಮಾ. ಸೇಕ್ರಮ್ ಎಂದರೆ ಸೊಂಟದ ಕೆಳಗಿನ ತ್ರಿಕೋನಾಕಾರದ ಮೂಳೆ, ಕಾಕ್ಸಿಕ್ಸ್ ಎಂದರೆ ಅದರ ತುದಿಯ ಬಾಲದ ಮೂಳೆ. ಭ್ರೂಣದಲ್ಲಿ ಯಾವ ಅಂಗವಾಗಿ ಬೇಕಾದರೂ ಬೆಳೆಯಬಲ್ಲ ಜೀವಕೋಶಗಳ ಗುಂಪೊಂದು ಬಾಲದ ಮೂಳೆಯ ಬಳಿ ಉಳಿದುಕೊಂಡು ಮನಬಂದಂತೆ ಬೆಳೆದರೆ ಈ ಗಡ್ಡೆಯಾಗುತ್ತದೆ. ಹಾಗಾಗಿಯೇ ಕೊಯ್ದು ನೋಡಿದರೆ ಒಳಗೆ ಕೂದಲು, ಮೃದ್ವಸ್ಥಿ, ಕರುಳಿನ ಪದರ, ಮೆದುಳಿನ ಅಂಗಾಂಶ, ಒಮ್ಮೊಮ್ಮೆ ಹಲ್ಲೂ ಸಿಗುತ್ತದೆ. "ಹೊಟ್ಟೆಯಲ್ಲಿದ್ದ ಅವಳಿ ಮಗುವೇ ಹೀಗಾಗಿದೆಯಾ?" ಎಂದು ಕೇಳುತ್ತಾರೆ. ಅಲ್ಲ. ಗ್ರಹಣಕ್ಕೂ, ಬಸುರಿಯಲ್ಲಿ ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಸುಮಾರು 35,000ದಿಂದ 40,000 ಹೆರಿಗೆಗಳಿಗೆ ಒಂದು ಎಂಬುದು ರೂಢಿಯಲ್ಲಿರುವ ಲೆಕ್ಕ. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚು.

ನಾಲ್ಕು ವಿಧ, ಒಂದೇ ಪ್ರಶ್ನೆ

1974ರಲ್ಲಿ ಆಲ್ಟ್‌ಮನ್ ಮತ್ತು ಸಂಗಡಿಗರು ಅಮೆರಿಕದ ಮಕ್ಕಳ ಶಸ್ತ್ರಚಿಕಿತ್ಸಕರಿಂದ ವಿವರ ತರಿಸಿಕೊಂಡು ಈ ಗಡ್ಡೆಯನ್ನು ನಾಲ್ಕಾಗಿ ವಿಂಗಡಿಸಿದರು. ಇಂದಿಗೂ ಎಲ್ಲ ರಿಪೋರ್ಟುಗಳಲ್ಲಿ ಅದೇ ಲೆಕ್ಕ ನಡೆಯುತ್ತದೆ. ಒಂದನೇ ವಿಧದ್ದು ಹೆಚ್ಚುಕಡಿಮೆ ಪೂರ್ತಿ ಹೊರಗೆ ಇರುತ್ತದೆ. ಎರಡನೆಯದು ಹೊರಗೂ ಇದ್ದು ಕಿಬ್ಬೊಟ್ಟೆಯ ಒಳಕ್ಕೂ ಚಾಚಿರುತ್ತದೆ. ಮೂರನೆಯದು ಹೊರಗೆ ಸ್ವಲ್ಪವೇ ಕಂಡು ಒಳಗೆ ಹೆಚ್ಚು ಬೆಳೆದಿರುತ್ತದೆ. ನಾಲ್ಕನೆಯದು ಪೂರ್ತಿ ಒಳಗೆ, ಸೇಕ್ರಮ್ ಮತ್ತು ಗುದನಾಳದ ನಡುವೆ ಕೂತಿರುತ್ತದೆ. ಆ ಸಮೀಕ್ಷೆಯಲ್ಲಿ ಮೊದಲ ಎರಡು ವಿಧಗಳೇ ಸೇರಿ ನೂರಕ್ಕೆ 80ರಷ್ಟಿದ್ದವು. ನಾಲ್ಕನೆಯದು ಸುಮಾರು 10.

ಆ ಹತ್ತರ ಮೇಲೆ ನನಗೆ ಯಾಕಿಷ್ಟು ಕಣ್ಣು ಎಂದರೆ, ಈ ಗಡ್ಡೆಯ ಮಟ್ಟಿಗೆ ಮಗುವಿನ ವಯಸ್ಸೇ ಗಡಿಯಾರ. ಎರಡು ತಿಂಗಳ ಒಳಗೆ ಪತ್ತೆಯಾದವುಗಳಲ್ಲಿ ಕ್ಯಾನ್ಸರ್ ಆಗಿದ್ದದ್ದು ನೂರಕ್ಕೆ ಹತ್ತು ಅಥವಾ ಅದಕ್ಕೂ ಕಡಿಮೆ. ಎರಡು ತಿಂಗಳು ದಾಟಿ ಪತ್ತೆಯಾದವುಗಳಲ್ಲಿ ಅದು ಅರ್ಧದ ಹತ್ತಿರಕ್ಕೆ ಏರಿತ್ತು, ಗಂಡುಮಕ್ಕಳಲ್ಲಿ ಅದಕ್ಕೂ ಹೆಚ್ಚು. ಹೊರಗೆ ಕಾಣುವ ಗಡ್ಡೆ ಹೆರಿಗೆ ಕೋಣೆಯಲ್ಲೇ ಸಿಕ್ಕಿಬೀಳುತ್ತದೆ. ಒಳಗಿರುವುದಕ್ಕೆ ಅಡಗಿ ಕೂರಲು ಸಮಯ ಸಿಗುತ್ತದೆ. ಹಾಗಾಗಿ 'ಎಷ್ಟು ದೊಡ್ಡದು' ಎಂಬುದಕ್ಕಿಂತ 'ಒಳಗೆ ಎಷ್ಟಿದೆ' ಎಂದು ಮೊದಲು ಕೇಳಬೇಕು.

ಹೆರಿಗೆಗೆ ಮೊದಲೇ ಸ್ಕ್ಯಾನಿನಲ್ಲಿ ಕಂಡರೆ

18ರಿಂದ 22 ವಾರಗಳ ನಡುವೆ ಮಾಡುವ ಅನಾಮಲಿ ಸ್ಕ್ಯಾನಿನಲ್ಲಿ, ನಮ್ಮಲ್ಲಿ ಟಿಫಾ ಸ್ಕ್ಯಾನ್ ಅನ್ನುತ್ತಾರಲ್ಲ, ಅದರಲ್ಲಿ ಬೆನ್ನಿನ ತುದಿಯಿಂದ ಹೊರಟ ಗಡ್ಡೆ ಕಾಣಬಹುದು. ಕಂಡ ಕೂಡಲೇ ದಂಪತಿಗಳು ಗರ್ಭ ತೆಗೆಸುವ ಮಾತಿಗೆ ಬರುತ್ತಾರೆ. ತಡೆಯಿರಿ. ಮೊದಲು ಭ್ರೂಣವೈದ್ಯ ತಜ್ಞರನ್ನೂ ಮಕ್ಕಳ ಶಸ್ತ್ರಚಿಕಿತ್ಸಕರನ್ನೂ ಒಟ್ಟಿಗೆ ಕಾಣಿ. ಗಡ್ಡೆ ನೀರಿನ ಚೀಲದಂಥದ್ದೋ, ಗಟ್ಟಿ ಮಾಂಸದಂಥದ್ದೋ, ರಕ್ತ ಓಡಾಟ ಎಷ್ಟಿದೆ, ಬೆನ್ನುಹುರಿಯ ಕಾಲುವೆಯೊಳಕ್ಕೆ ಹೋಗಿದೆಯೋ ಎಂಬುದನ್ನು ಅವರು ನೋಡುತ್ತಾರೆ. ನೀರು ತುಂಬಿದ ಗಡ್ಡೆಗಳು ಸಾಮಾನ್ಯವಾಗಿ ಸೌಮ್ಯ. ರಕ್ತನಾಳ ತುಂಬಿದ ಗಟ್ಟಿ ಗಡ್ಡೆ ಮಾತ್ರ ಭ್ರೂಣದ ಹೃದಯಕ್ಕೆ ಹೊರೆ. ತನ್ನ ಮೈಗೂ ಗಡ್ಡೆಗೂ ರಕ್ತ ತಳ್ಳಿ ತಳ್ಳಿ ಹೃದಯ ಸೋತರೆ ಮಗುವಿನ ಮೈಯೆಲ್ಲ ನೀರು ತುಂಬಿಕೊಳ್ಳುತ್ತದೆ. ಅದಕ್ಕೆ ಹೈಡ್ರಾಪ್ಸ್ ಎನ್ನುತ್ತಾರೆ, ಅದು ಬಂದರೆ ಜೀವದ ಪ್ರಶ್ನೆ. ಆದ್ದರಿಂದ ಇಂಥ ಗಡ್ಡೆ ಇದ್ದಾಗ ವಾರಕ್ಕೊಮ್ಮೆಯಾದರೂ ಸ್ಕ್ಯಾನ್ ಬೇಕಾಗಬಹುದು. ತಾಯಿಗೇ ಕಾಲು ಊದಿ, ಬಿಪಿ ಏರಿದರೂ ಅದೇ ದಿನ ತೋರಿಸಬೇಕು.

ಗಡ್ಡೆ 5 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ಸಾಮಾನ್ಯವಾಗಿ ಸಿಸೇರಿಯನ್ ಬಗ್ಗೆ ಯೋಚಿಸುತ್ತಾರೆ. ಸಹಜ ಹೆರಿಗೆಯಲ್ಲಿ ಗಡ್ಡೆ ಸಿಕ್ಕಿಕೊಂಡು ಹರಿದು ರಕ್ತ ಹೋಗುವ ಭಯ. ಹೆರಿಗೆ ಎಲ್ಲಿ ಎಂಬುದನ್ನು ಏಳನೇ ತಿಂಗಳಿಗೇ ತೀರ್ಮಾನಿಸಿ. ನವಜಾತ ಶಿಶು ಐಸಿಯು, ಮಕ್ಕಳ ಶಸ್ತ್ರಚಿಕಿತ್ಸೆ, ರಕ್ತನಿಧಿ ಮೂರೂ ಒಂದೇ ಆವರಣದಲ್ಲಿರಬೇಕು. ತವರುಮನೆ ಊರಿನಲ್ಲೇ ಹೆರಿಗೆ ಆಗಬೇಕು ಎಂಬ ಸಂಪ್ರದಾಯವನ್ನು ಈ ಒಂದು ಸಲಕ್ಕೆ ಬದಿಗಿಡಿ.

ಹುಟ್ಟಿದ ಮಗುವಿನ ಬೆನ್ನು ನೋಡುವ ಬಗೆ

ಬೆಳಕಿನಲ್ಲಿ ಮಗುವನ್ನು ಬೋರಲು ಮಲಗಿಸಿ. ಕುಂಡೆಯ ಸೀಳು ನೇರವಾಗಿದೆಯೋ, ಒಂದು ಬದಿಗೆ ವಾಲಿದೆಯೋ ನೋಡಿ. ಎರಡೂ ಕಡೆ ಒಂದೇ ಸಮ ತುಂಬಿಕೊಂಡಿವೆಯೋ? ಆಮೇಲೆ ಮಲದ್ವಾರ ಎಲ್ಲಿದೆ ನೋಡಿ. ಟೆರಟೋಮಾ ಬಾಲದ ಮೂಳೆಗೂ ಮಲದ್ವಾರಕ್ಕೂ ನಡುವೆ ಬೆಳೆಯುವುದರಿಂದ ಮಲದ್ವಾರವನ್ನು ಮುಂದಕ್ಕೆ ದೂಡಿರುತ್ತದೆ.

ಬೆನ್ನುಹುರಿಯ ಪೊರೆ ಹೊರಚಾಚಿದ ಚೀಲ, ಅಂದರೆ ಮೆನಿಂಗೊಸೀಲ್, ಇದರ ಜೊತೆ ಗೊಂದಲವಾಗುವುದು ಹೆಚ್ಚು. ಅದು ಸಾಮಾನ್ಯವಾಗಿ ಇನ್ನೂ ಮೇಲೆ, ಸೊಂಟದ ಮಟ್ಟದಲ್ಲಿ, ನಟ್ಟನಡುವೆ ಇರುತ್ತದೆ. ಮಗು ಅತ್ತರೆ ಬಿಗಿಯಾಗುತ್ತದೆ, ಮೆಲ್ಲಗೆ ಒತ್ತಿದರೆ ನೆತ್ತಿ ಉಬ್ಬಬಹುದು. ಆದರೆ ಒತ್ತಿ ನೋಡುವ ಕೆಲಸ ವೈದ್ಯರಿಗೆ ಬಿಡಿ. ನೀವು ನೋಡಬೇಕಾದದ್ದು ಎರಡು ಕಾಲೂ ಒಂದೇ ಸಮ ಒದೆಯುತ್ತವೆಯೋ, ಉಚ್ಚೆ ಸರ್ರನೆ ಧಾರೆಯಾಗಿ ಬರುತ್ತದೆಯೋ ಅಥವಾ ಸದಾ ತೊಟ್ಟಿಕ್ಕುತ್ತದೆಯೋ ಎಂಬುದು.

ಭಯಪಡಬೇಕಿಲ್ಲದ ಎರಡು ಸಂಗತಿಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೊರರೋಗಿ ವಿಭಾಗಕ್ಕೆ ಬರುವವರಲ್ಲಿ ಇವೇ ಹೆಚ್ಚು. ಬೆನ್ನಿನ ತಳದಲ್ಲಿ ನೀಲಿ-ಬೂದು ಬಣ್ಣದ ಚಪ್ಪಟೆ ಮಚ್ಚೆ ನಮ್ಮ ಮಕ್ಕಳಲ್ಲಿ ತೀರಾ ಸಾಮಾನ್ಯ, ವರ್ಷ ಕಳೆದಂತೆ ಮಾಸುತ್ತದೆ. ಇನ್ನೊಂದು, ಕುಂಡೆಯ ಸೀಳಿನೊಳಗೆ ಇರುವ ಚಿಕ್ಕ ಗುಳಿ. ಅದು ನಟ್ಟನಡುವೆ ಇದ್ದು, 5 ಮಿಲಿಮೀಟರಿಗಿಂತ ಕಿರಿದಾಗಿ, ಮಲದ್ವಾರದಿಂದ ಎರಡೂವರೆ ಸೆಂಟಿಮೀಟರಿನೊಳಗಿದ್ದು, ತಳ ಕಾಣುವಂತಿದ್ದರೆ ಸ್ಕ್ಯಾನೂ ಬೇಡ. ಗುಳಿ ಅದಕ್ಕಿಂತ ಮೇಲಿದ್ದರೆ, ಅದರಿಂದ ನೀರು ಒಸರಿದರೆ, ಸುತ್ತ ಕೂದಲ ಗುಚ್ಛ, ಕೊಬ್ಬಿನ ಉಬ್ಬು, ಕೆಂಪು ಮಚ್ಚೆ ಅಥವಾ ಬಾಲದಂಥ ಚರ್ಮದ ತುಣುಕು ಇದ್ದರೆ ಮಾತ್ರ ತೋರಿಸಬೇಕು.

ಉಬ್ಬು ಕಂಡಾಗ ಮಾಡಬಾರದ್ದು: ಕಾವು ಕೊಡುವುದು, ಸೊಪ್ಪಿನ ಲೇಪ ಕಟ್ಟುವುದು, 'ಕೀವು ಇರಬೇಕು' ಎಂದು ಸೂಜಿ ಚುಚ್ಚಿಸುವುದು. ಟೆರಟೋಮಾ ಆಗಿದ್ದರೆ ರಕ್ತ ಹರಿಯುತ್ತದೆ, ಮೆನಿಂಗೊಸೀಲ್ ಆಗಿದ್ದರೆ ಸೋಂಕು ನೇರ ಮೆದುಳಿಗೆ ಏರುತ್ತದೆ.

ಮಲಬದ್ಧತೆಯ ಹಿಂದೆ ಅಡಗಿದ್ದು

ಒಂದೂವರೆ ವರ್ಷದ ಒಬ್ಬ ಹುಡುಗಿ. ಗುರುತು ಸಿಗದಷ್ಟು ವಿವರ ಬದಲಿಸಿದ್ದೇನೆ. ಒಂಬತ್ತು ತಿಂಗಳಿಗೆ ರಾಗಿ ಸರಿ ಹೆಚ್ಚು ಮಾಡಿದಾಗಿನಿಂದ ಕಕ್ಕ ಗಟ್ಟಿ ಎಂದು ಅಮ್ಮನ ಲೆಕ್ಕ. ಅಲ್ಲಿಂದ ಒಂದರ ಮೇಲೊಂದು ಸಿರಪ್, ಒಣದ್ರಾಕ್ಷಿ ನೆನೆಸಿದ ನೀರು, ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಸವರಿ ಇಡುವುದು, ಎಲ್ಲ ಆಯಿತು. ಚೀಲದಲ್ಲಿ ಚೀಟಿಗಳು ಒಂದು ಕಟ್ಟು ಇದ್ದವು, ನಾಲ್ಕು ಬೇರೆ ಬೇರೆ ಕೈಬರಹ. ಯಾವುದರಲ್ಲೂ ಗುದನಾಳ ಪರೀಕ್ಷೆಯ ಒಂದು ಸಾಲು ಇಲ್ಲ. ನಮ್ಮಲ್ಲಿಗೆ ತಂದದ್ದು ಉಚ್ಚೆ ನಿಂತು ಹೊಟ್ಟೆ ಉಬ್ಬಿದ ರಾತ್ರಿ. ಅಮ್ಮನ ತೊಡೆಯ ಮೇಲೆ ಪಕ್ಕಕ್ಕೆ ಮಲಗಿಸಿ, ಕಿರುಬೆರಳಿಗೆ ಗ್ಲೌಸು ಹಾಕಿ ಜೆಲ್ ಹಚ್ಚಿ ಒಳಗೆ ಹಾಕಿದರೆ ಬೆರಳು ಹಿಂದಕ್ಕೆ ಬಾಗಲೇ ಇಲ್ಲ. ಗುದನಾಳದ ಹಿಂಗೋಡೆಯಾಚೆ ಸೀಬೆಕಾಯಿಯಷ್ಟು ಗಟ್ಟಿಯಾದ ವಸ್ತು. ಹತ್ತು ಸೆಕೆಂಡಿನ ಕೆಲಸ ಅದು.

ಮಲಬದ್ಧತೆ ಇರುವ ಎಲ್ಲ ಮಕ್ಕಳಿಗೂ ಗಡ್ಡೆ ಇರುತ್ತದೆ ಎಂದುಕೊಂಡು ಗಾಬರಿಯಾಗಬೇಡಿ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಅದು ಊಟದ, ಅಭ್ಯಾಸದ, ಒಮ್ಮೆ ನೋವಾದ ಭಯದ ಸಮಸ್ಯೆ. ಆ ಗುಂಪಿನಿಂದ ಹೊರಗಿಡಬೇಕಾದ ಮಗು ಯಾವುದೆಂದರೆ: ಹುಟ್ಟಿದ ವಾರಗಳಿಂದಲೇ ತೊಂದರೆ ಇರುವುದು, ಮಲ ರಿಬ್ಬನ್ನಿನಂತೆ ಚಪ್ಪಟೆಯಾಗಿ ಬರುವುದು, ಔಷಧಿ ಸರಿಯಾಗಿ ಕೊಟ್ಟರೂ ಆರೆಂಟು ವಾರದಲ್ಲಿ ಬದಲಾವಣೆ ಇಲ್ಲದಿರುವುದು, ಜೊತೆಗೆ ಉಚ್ಚೆಯ ತೊಂದರೆ, ಕಾಲು ಸೋಲುವುದು, ಕೂರುವಾಗ ಅಳುವುದು. ಕುಂಡೆ ಚಪ್ಪಟೆಯಾಗಿ ಸೀಳು ಗಿಡ್ಡವಾಗಿದ್ದರೂ ಅನುಮಾನ ಪಡಬೇಕು, ಸೇಕ್ರಮ್ ಪೂರ್ತಿ ಬೆಳೆದಿಲ್ಲದಿರಬಹುದು.

ಇಂಥ ಮಗುವನ್ನು ಕರೆದುಕೊಂಡು ಹೋದಾಗ ನೀವಾಗಿಯೇ ಕೇಳಿ: "ಡಾಕ್ಟ್ರೇ, ಒಳಗೆ ಬೆರಳು ಹಾಕಿ ಒಂದು ಸಲ ನೋಡ್ತೀರಾ?" ಮುಜುಗರ ಬೇಡ. ಹೀಗೆ ಕೇಳಿದ ತಂದೆತಾಯಿಯ ಮೇಲೆ ನಾನಂತೂ ಸಿಟ್ಟಾಗುವುದಿಲ್ಲ. ಮಗು ಅಳುತ್ತದೆ ಎಂದು ಬಿಡುವ ವೈದ್ಯರೂ ಇದ್ದಾರೆ, ಮರ್ಯಾದೆಗೆ ಅಂಜಿ ಬೇಡವೆನ್ನುವ ಮನೆಯವರೂ ಇದ್ದಾರೆ. ಹೆಣ್ಣುಮಗುವಾದರೆ ಅಜ್ಜಿಯೋ ಅತ್ತೆಯೋ ಬಾಗಿಲಲ್ಲೇ ತಡೆಯುವುದುಂಟು. ಆ ಎರಡು ಸಂಕೋಚಗಳ ನಡುವೆ ಗಡ್ಡೆ ಆರಾಮಾಗಿ ಬೆಳೆಯುತ್ತದೆ.

ಕುಟುಂಬದಲ್ಲಿ ಸಾಗಿ ಬರುವ ಒಂದು ಕೂಟ

ಮಲಬದ್ಧತೆ ತರುವಷ್ಟು ಕಿರಿದಾದ ಅಥವಾ ಸರಿಯಿಲ್ಲದ ಮಲದ್ವಾರ, ಅರ್ಧ ಮಾತ್ರ ಬೆಳೆದ ಸೇಕ್ರಮ್, ಅದರ ಮುಂದೆ ಒಂದು ಗಡ್ಡೆ. ಇವು ಒಟ್ಟಿಗೆ ಬರುವುದನ್ನು 1981ರಲ್ಲಿ ವಿವರಿಸಿದವರು ರೇಡಿಯಾಲಜಿಸ್ಟ್ ಗೀಡೊ ಕುರ್ರಾರಿನೊ. ಹಾಗಾಗಿ ಇದಕ್ಕೆ ಕುರ್ರಾರಿನೊ ಟ್ರಯಡ್, ಅಂದರೆ ಮೂರರ ಕೂಟ, ಎಂದು ಹೆಸರು. ಮಾಮೂಲಿ ಎಕ್ಸ್‌ರೇಯಲ್ಲೇ ಸೇಕ್ರಮ್ ಕುಡುಗೋಲಿನಂತೆ ಒಂದು ಕಡೆಗೆ ಬಾಗಿ ಕಾಣುತ್ತದೆ. ಮುಂದಿರುವ ಗಡ್ಡೆ ಟೆರಟೋಮಾ ಆಗಿರಬಹುದು, ಬೆನ್ನುಹುರಿಯ ಪೊರೆ ಮುಂದಕ್ಕೆ ಚಾಚಿದ ಮೆನಿಂಗೊಸೀಲ್ ಆಗಿರಬಹುದು, ಎರಡೂ ಕೂಡಿಯೂ ಇರಬಹುದು. ಗುದನಾಳದ ಮೂಲಕ ಸೂಜಿ ಹಾಕಿ ಪರೀಕ್ಷಿಸಬಾರದು ಎನ್ನುವುದು ಇದಕ್ಕೇ. ಅದು ಮೆನಿಂಗೊಸೀಲ್ ಆಗಿಬಿಟ್ಟರೆ ಮೆದುಳುಪೊರೆಯ ಉರಿಯೂತ ತಂದುಕೊಂಡಂತೆ.

ಕುಟುಂಬದಲ್ಲಿ ಸಾಗಿ ಬಂದಾಗ ಹೆಚ್ಚಾಗಿ ಎಂಎನ್ಎಕ್ಸ್1 ಎಂಬ ಜೀನಿನ ದೋಷ ಇದರ ಮೂಲ, ತಂದೆ ಅಥವಾ ತಾಯಿಯಿಂದ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಒಂದೇ ದೋಷ ಒಬ್ಬರಲ್ಲಿ ಜೋರಾಗಿ, ಇನ್ನೊಬ್ಬರಲ್ಲಿ ಕಂಡೂ ಕಾಣದಂತೆ ಇರುತ್ತದೆ. ಒಮ್ಮೆ ಮಗುವಿನ ಎಕ್ಸ್‌ರೇಯನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಅಪ್ಪನಿಗೆ ವಿವರಿಸುತ್ತಿದ್ದಾಗ ಆತ ತಲೆ ತಗ್ಗಿಸಿ, "ಸಾರ್, ನನಗೂ ಚಿಕ್ಕಂದಿನಿಂದ ಹೊಟ್ಟೆ ಸರಿ ಹೋಗಲ್ಲ, ಅದು ನಮ್ಮನೆ ಮೈಗುಣ ಅನ್ಕೊಂಡಿದ್ದೆ" ಅಂದ. ಅವನದನ್ನೂ ತೆಗೆಸಿದೆವು. ಅದೇ ಕುಡುಗೋಲು. ಮಗುವಿಗೆ ಈ ಕೂಟ ಇದೆಯೆಂದು ಗೊತ್ತಾದರೆ ಅಪ್ಪ, ಅಮ್ಮ, ಒಡಹುಟ್ಟಿದವರಿಗೆಲ್ಲ ಸೇಕ್ರಮ್ಮಿನ ಒಂದು ಎಕ್ಸ್‌ರೇ ಮಾಡಿಸಿ. ಖರ್ಚು ಕಡಿಮೆ, ಸಿಗುವ ಮಾಹಿತಿ ದೊಡ್ಡದು.

ಚಿತ್ರಗಳು: ಯಾವುದು ಮೊದಲು

ಅಲ್ಟ್ರಾಸೌಂಡ್ ಮೊದಲು. ನಿದ್ದೆಯ ಔಷಧಿ ಬೇಡ, ವಿಕಿರಣ ಇಲ್ಲ, ಗಡ್ಡೆ ನೀರಿನದ್ದೋ ಗಟ್ಟಿಯೋ ಗೊತ್ತಾಗುತ್ತದೆ, ಕಿಡ್ನಿ ಊದಿದೆಯೋ ನೋಡಬಹುದು. ಮೂರು ನಾಲ್ಕು ತಿಂಗಳೊಳಗಿನ ಮಗುವಿಗೆ ಬೆನ್ನುಮೂಳೆಯ ಹಿಂಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಹಾಗಾಗಿ ಬೆನ್ನುಹುರಿಯನ್ನೂ ಅಲ್ಟ್ರಾಸೌಂಡಿನಲ್ಲೇ ನೋಡಬಹುದು. ಆ ಕಿಟಕಿ ಮುಚ್ಚಿಕೊಳ್ಳುವ ಮೊದಲು ಮಾಡಿಸಿ. ಎಕ್ಸ್‌ರೇ ಜೊತೆಯಲ್ಲೇ ಆಗಲಿ: ಸೇಕ್ರಮ್ಮಿನ ಆಕಾರ, ಗಡ್ಡೆಯೊಳಗಿನ ಸುಣ್ಣದ ಚುಕ್ಕೆಗಳು ಕಾಣುತ್ತವೆ.

ಎಂಆರ್‌ಐ ಇಲ್ಲದೆ ಆಪರೇಷನ್ ಯೋಜನೆ ಮಾಡುವುದು ಕಷ್ಟ, ಒಳಗೆ ಇರುವ ಗಡ್ಡೆಗಳಿಗಂತೂ ಅಸಾಧ್ಯ. ತೀರಾ ಎಳೆಗೂಸಿಗೆ ಹಾಲು ಕುಡಿಸಿ ಬೆಚ್ಚಗೆ ಸುತ್ತಿ ಮಲಗಿಸಿದರೆ ನಿದ್ದೆಯ ಔಷಧಿ ಇಲ್ಲದೆಯೂ ಆಗುವುದುಂಟು. ಔಷಧಿ ಕೊಡುವುದಾದರೆ ಹೊಟ್ಟೆ ಖಾಲಿ ಇರಬೇಕು. ಸಾಮಾನ್ಯ ಲೆಕ್ಕ: ಎದೆಹಾಲು 4 ಗಂಟೆ ಮೊದಲು ನಿಲ್ಲಿಸಬೇಕು, ಹಸುವಿನ ಹಾಲು, ಪುಡಿ ಹಾಲು ಅಥವಾ ಗಟ್ಟಿ ಆಹಾರವಾದರೆ 6 ಗಂಟೆ. ಅಳುತ್ತದೆಂದು ಕದ್ದು ಒಂದು ಗುಟುಕು ಹಾಲು ಕೊಟ್ಟರೆ ಅದನ್ನು ಹೇಳಿಬಿಡಿ. ವಾಂತಿ ಶ್ವಾಸಕೋಶಕ್ಕೆ ಹೋಗುವ ಅಪಾಯಕ್ಕಿಂತ ಅಪಾಯಿಂಟ್‌ಮೆಂಟ್ ತಪ್ಪುವುದು ವಾಸಿ.

ರಿಪೋರ್ಟು ಕೈಗೆ ಬಂದಾಗ ನಾನು ಹುಡುಕುವುದು: ಗಡ್ಡೆ ಬಾಲದ ಮೂಳೆಗೆ ಅಂಟಿಕೊಂಡಿದೆಯೋ, ಒಳಗೆ ಎಲ್ಲಿಯವರೆಗೆ ಏರಿದೆ, ಬೆನ್ನುಹುರಿಯ ಕಾಲುವೆಯೊಳಗೆ ಹೋಗಿದೆಯೋ, ಸೇಕ್ರಮ್ಮಿನ ಮೂಳೆ ಸವೆದಿದೆಯೋ. ಬೆನ್ನುಹುರಿಯ ಬಗ್ಗೆ ರಿಪೋರ್ಟಿನಲ್ಲಿ ಒಂದು ಮಾತೂ ಇಲ್ಲದಿದ್ದರೆ ರೇಡಿಯಾಲಜಿಸ್ಟಿಗೆ ಫೋನ್ ಮಾಡುತ್ತೇನೆ. ಕ್ಯಾನ್ಸರಿನ ಅನುಮಾನ ಇದ್ದಾಗ ಎದೆಯ ಸಿಟಿ ಸ್ಕ್ಯಾನ್ ಸೇರುತ್ತದೆ, ಯಾಕೆಂದರೆ ಇದು ಹರಡುವ ಜಾಗಗಳಲ್ಲಿ ಶ್ವಾಸಕೋಶವೂ ಒಂದು. ಫಿಲ್ಮಿನ ಜೊತೆ ಸಿ.ಡಿ. ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ. ಮೊಬೈಲಿನಲ್ಲಿ ತೆಗೆದ ಫಿಲ್ಮಿನ ಫೋಟೊ ವಾಟ್ಸ್ಯಾಪಿಗೆ ಸರಿ, ಆಪರೇಷನ್ ತೀರ್ಮಾನಕ್ಕೆ ಸಾಲದು.

ಎಎಫ್‌ಪಿ: ಕೆಂಪು ಅಕ್ಷರದ ಗಾಬರಿ

ರಾತ್ರಿ ಹನ್ನೊಂದಕ್ಕೆ ಬರುವ ಫೋನುಗಳಲ್ಲಿ ಅರ್ಧ ಈ ರಕ್ತಪರೀಕ್ಷೆಯ ಬಗ್ಗೆಯೇ. "ಸಾರ್, ಹತ್ತರ ಒಳಗಿರಬೇಕಂತೆ, ನಮ್ಮ ಪಾಪುದು ಮೂವತ್ತು ಸಾವಿರ ಬಂದಿದೆ!" ಲ್ಯಾಬಿನ ಕಂಪ್ಯೂಟರು ದೊಡ್ಡವರ ಮಿತಿಯನ್ನು ಪಕ್ಕದಲ್ಲಿ ಅಚ್ಚು ಹಾಕಿ ಮಗುವಿನ ಅಂಕಿಗೆ ಕೆಂಪು ಬಣ್ಣ ಬಳಿದಿರುತ್ತದೆ. ಆ ಮಗುವಿಗೆ ಹತ್ತು ದಿನ.

ಎಎಫ್‌ಪಿ, ಅಂದರೆ ಆಲ್ಫಾ ಫೀಟೊಪ್ರೊಟೀನ್, ಎಂಬುದು ಭ್ರೂಣದ ಯಕೃತ್ತು ಮತ್ತು ಭ್ರೂಣಕ್ಕೆ ಅಂಟಿದ ಯೋಕ್ ಸ್ಯಾಕ್ ಎಂಬ ಚೀಲ ತಯಾರಿಸುವ ಪ್ರೊಟೀನು. ಆರೋಗ್ಯವಂತ ಶಿಶುವಿನಲ್ಲೂ ಹುಟ್ಟುವಾಗ ರಕ್ತದ ಮಿಲಿಲೀಟರಿಗೆ ಸರಾಸರಿ 48,000 ನ್ಯಾನೊಗ್ರಾಂನಷ್ಟು ಇರುತ್ತದೆ, ಮಗುವಿಂದ ಮಗುವಿಗೆ ವ್ಯತ್ಯಾಸವೂ ದೊಡ್ಡದು. ಎರಡು ತಿಂಗಳಿಗೆ ಸುಮಾರು 300ಕ್ಕೆ, ಆರು ತಿಂಗಳಿಗೆ ಹತ್ತು ಹನ್ನೆರಡರ ಆಸುಪಾಸಿಗೆ ಇಳಿಯುತ್ತದೆ. ದೊಡ್ಡವರ ಮಿತಿಗೆ ಬರುವುದು ಎಂಟು ತಿಂಗಳಿಂದ ವರ್ಷದ ಹೊತ್ತಿಗೆ. ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ ಇನ್ನೂ ಹೆಚ್ಚಿರುತ್ತದೆ.

ಹಾಗಾದರೆ ಈ ಪರೀಕ್ಷೆಯ ಉಪಯೋಗವೇನು? ಒಂದೇ ಅಂಕಿಯಿಂದ ಹೆಚ್ಚೇನೂ ಇಲ್ಲ, ಸಾಲಾಗಿ ಬರೆದ ಅಂಕಿಗಳಿಂದ ಬಹಳ ಇದೆ. ಇಳಿಯಬೇಕಾದ್ದು ಇಳಿಯದೆ ನಿಂತರೆ, ಅಥವಾ ಇಳಿದು ಮತ್ತೆ ಏರಿದರೆ, ಗಡ್ಡೆಯಲ್ಲಿ ಯೋಕ್ ಸ್ಯಾಕ್ ಕ್ಯಾನ್ಸರಿನ ಕೋಶಗಳಿರುವ ಸೂಚನೆ. ಎರಡು ವರ್ಷದ ಮಗುವಿನಲ್ಲಿ ಸಾವಿರಗಟ್ಟಲೆ ಇದ್ದರೆ ಆ ಒಂದೇ ಅಂಕಿಯೂ ಜೋರಾಗಿ ಮಾತಾಡುತ್ತದೆ. ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ತಾರೀಖು, ಮಗುವಿನ ವಯಸ್ಸು, ಅಂಕಿ, ಲ್ಯಾಬು ಎಂದು ನಾಲ್ಕು ಗೆರೆ ಎಳೆದುಕೊಳ್ಳಿ. ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ. ಮೊದಲ ರಕ್ತವನ್ನು ಆಪರೇಷನ್‌ಗೆ ಮೊದಲೇ ತೆಗೆದಿರಬೇಕು. ಆಮೇಲೆ ತೆಗೆದರೆ ಎಲ್ಲಿಂದ ಇಳಿಯಿತು ಎಂದು ಹೇಳಲು ಯಾರಿಗೂ ಆಗದು. ಜೊತೆಗೆ ಬೀಟಾ ಎಚ್‌ಸಿಜಿ ಮಾಡಿಸುತ್ತಾರೆ. ಹುಡುಗನಿಗೆ ಇದೇನು ಬಸುರಿಯ ಪರೀಕ್ಷೆ ಎಂದು ನಗಬೇಡಿ, ಇಂಥ ಗಡ್ಡೆಗಳ ಕೆಲವು ಬಗೆ ಅದನ್ನೂ ಸುರಿಸುತ್ತವೆ.

ನರಕೋಶದ ಗಡ್ಡೆ ನ್ಯೂರೊಬ್ಲಾಸ್ಟೋಮಾ ಕೂಡ ಸೇಕ್ರಮ್ಮಿನ ಮುಂದೆ ಬರಬಹುದು. ಅದಕ್ಕೆ ಮೂತ್ರದಲ್ಲಿ ವಿಎಂಎ ಎಂಬ ಪರೀಕ್ಷೆ.

ಸೂಜಿ ಹಾಕುವುದು ಯಾವಾಗ

ಎಳೆ ಶಿಶುವಿನ ಹೊರಗೆ ಕಾಣುವ ಟೆರಟೋಮಾಗೆ ಬಯಾಪ್ಸಿ, ಅಂದರೆ ಸೂಜಿಯಿಂದ ಗಡ್ಡೆಯ ಚೂರು ತೆಗೆದು ನೋಡುವುದು, ಬೇಡ. ಪೂರ್ತಿ ತೆಗೆಯುವುದೇ ಪರೀಕ್ಷೆ, ಅದೇ ಚಿಕಿತ್ಸೆ. ದೊಡ್ಡ ಮಗುವಿನಲ್ಲಿ ಎಎಫ್‌ಪಿ ಏರಿದ್ದು, ಒಳಗಿನ ಗಡ್ಡೆ ಸುತ್ತಲಿನದ್ದಕ್ಕೆಲ್ಲ ಅಂಟಿದ್ದರೆ ಮೊದಲು ಕೀಮೊ ಕೊಟ್ಟು ಕುಗ್ಗಿಸಿ ಆಮೇಲೆ ತೆಗೆಯುವ ದಾರಿ ಇದೆ. ಆಗ ಚಿತ್ರ ಮತ್ತು ರಕ್ತದಿಂದ ತೀರ್ಮಾನ ಆಗದಿದ್ದರೆ ಮಾತ್ರ ಬಯಾಪ್ಸಿ. ಅದನ್ನೂ ಮುಂದೆ ಆಪರೇಷನ್ ಮಾಡುವ ತಂಡವೇ ಮಾಡಬೇಕು. ಸೂಜಿ ಹೋದ ದಾರಿಯನ್ನೂ ಕೊನೆಗೆ ಗಡ್ಡೆಯ ಜೊತೆ ಕತ್ತರಿಸಿ ತೆಗೆಯಬೇಕಾಗಬಹುದು, ಹಾಗಾಗಿ ಎಲ್ಲಿ ಚುಚ್ಚಬೇಕೆಂಬುದು ಅವರ ಲೆಕ್ಕ. ಚಿತ್ರಕ್ಕೆ ಮೊದಲು ಸೂಜಿ ಬೇಡ ಎಂಬ ಒಂದು ಮಾತನ್ನು ಮಾತ್ರ ಯಾರು ಹೇಳಿದರೂ ಬಿಟ್ಟುಕೊಡಬೇಡಿ.

ಶಾಲೆಗೆ ಹೋಗುವ ಮಗುವಿಗೆ ಸೊಂಟ ನೋವು

ಇಲ್ಲಿ ಪಟ್ಟಿಯೇ ಬೇರೆ. ಮಕ್ಕಳಿಗೆ ಸೊಂಟ ನೋವು ಬ್ಯಾಗಿನ ಭಾರದಿಂದ ಬರಬಹುದು, ಆದರೆ ಎಲ್ಲವನ್ನೂ ಬ್ಯಾಗಿನ ತಲೆಗೆ ಕಟ್ಟಬೇಡಿ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ನಾಲ್ಕು ವಾರ ದಾಟಿದ ನೋವು, ಐದು ವರ್ಷದೊಳಗಿನ ಮಗುವಿನ ಯಾವುದೇ ಬೆನ್ನುನೋವು, ಜ್ವರ, ತೂಕ ಇಳಿಕೆ, ನೋವಿನ ಜೊತೆ ಬೆನ್ನು ಒಂದು ಕಡೆ ವಾಲುವುದು, ಇವಕ್ಕೆ ಕಾರಣ ಹುಡುಕಲೇಬೇಕು. ನೆಲದ ಮೇಲೆ ಬಿದ್ದ ಪೆನ್ಸಿಲ್ ಎತ್ತಿಕೊಡಲು ಹೇಳಿ ನೋಡಿ. ಬೆನ್ನು ಬಗ್ಗಿಸದೆ, ಕೋಲಿನಂತೆ ನೆಟ್ಟಗೆ ಕುಕ್ಕರಗಾಲಿನಲ್ಲಿ ಕೂತು ಎತ್ತುವ ಮಗುವನ್ನು ನಾನು ಹಾಗೇ ಮನೆಗೆ ಕಳಿಸುವುದಿಲ್ಲ.

ರಾತ್ರಿ ಹೆಚ್ಚಾಗಿ ಐಬುಪ್ರೊಫೆನ್ ಕೊಟ್ಟರೆ ಮಾಯವಾಗುವ ನೋವು ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಚಿಕ್ಕ, ಸೌಮ್ಯ ಮೂಳೆಗಡ್ಡೆಯ ಗುರುತು. ಅದು ಸಿಟಿ ಸ್ಕ್ಯಾನಿನಲ್ಲಿ ಚೆನ್ನಾಗಿ ಕಾಣುತ್ತದೆ. ಸೇಕ್ರಮ್ಮಿನಲ್ಲಿ ಯೂಯಿಂಗ್ ಸಾರ್ಕೋಮಾ ಎಂಬ ಮೂಳೆಯ ಕ್ಯಾನ್ಸರ್, ರಕ್ತ ತುಂಬಿದ ಮೂಳೆಚೀಲ, ಬೆನ್ನುಹುರಿಯ ತುದಿಯಲ್ಲಿ ಎಪೆಂಡಿಮೋಮಾ ಎಂಬ ಗಡ್ಡೆ, ಇವೆಲ್ಲ ಬರಬಹುದು. ಕೋರ್ಡೋಮಾ ದೊಡ್ಡವರಲ್ಲಿ ಸೇಕ್ರಮ್ಮಿಗೆ ಬರುವ ಗಡ್ಡೆ, ಮಕ್ಕಳಲ್ಲಿ ಬಂದರೂ ಹೆಚ್ಚಾಗಿ ತಲೆಬುರುಡೆಯ ತಳದಲ್ಲಿ. ನಮ್ಮ ನಾಡಿನಲ್ಲಿ ಬೆನ್ನುಮೂಳೆಯ ಕ್ಷಯವನ್ನು ಮರೆಯುವಂತಿಲ್ಲ. ಎಂಆರ್‌ಐನಲ್ಲಿ ಗಡ್ಡೆಯಂತೆ ಕಂಡದ್ದು ಕೀವಿನ ಚೀಲವಾಗಿ, ಟಿಬಿ ಮಾತ್ರೆಯಿಂದ ವಾಸಿಯಾದ ಮಕ್ಕಳಿದ್ದಾರೆ. ರಕ್ತದ ಕ್ಯಾನ್ಸರ್ ಕೂಡ ಒಮ್ಮೊಮ್ಮೆ ಬೆನ್ನುನೋವಿನಿಂದಲೇ ಶುರುವಾಗುತ್ತದೆ. ಹಾಗಾಗಿ ರಕ್ತಕಣಗಳ ಎಣಿಕೆ ಮತ್ತು ಸ್ಮಿಯರ್ ನೋಡುವ ಮೊದಲು ಯಾರೂ ಸ್ಟಿರಾಯ್ಡ್ ಕೊಡಬಾರದು. ಕೊಟ್ಟರೆ ನೋವು ಹೋಗುತ್ತದೆ, ರೋಗದ ಗುರುತೂ ಅಳಿಸಿಹೋಗುತ್ತದೆ.

ನಡೆಯುತ್ತಿದ್ದ ಮಗು ಎಡವಲು ಶುರು ಮಾಡಿದರೆ, ಚಡ್ಡಿ ಒದ್ದೆ ಮಾಡದಿದ್ದ ಮಗು ಮತ್ತೆ ಮಾಡಿಕೊಂಡರೆ, ಉಚ್ಚೆ ನಿಂತರೆ, ತೊಡೆಯ ಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. ಅದೇ ದಿನ ತುರ್ತು ವಿಭಾಗಕ್ಕೆ ಹೋಗಿ, ಎಂಆರ್‌ಐ ಕೇಳಿ. ನರಗಳು ಒತ್ತಿಹೋದ ಮೇಲೆ ಗಂಟೆಗಳ ಲೆಕ್ಕ.

ಎಲ್ಲಿಗೆ ಹೋಗುವುದು

ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿದರೆ ಅವರೇ ಮೇಲಿನ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಕ್ಯಾನ್ಸರ್ ಖಚಿತವಾದರೆ ಕಿದ್ವಾಯಿ, ಬೆನ್ನುಹುರಿಯ ತೊಡಕಿದ್ದರೆ ನಿಮ್ಹಾನ್ಸ್ ಸರ್ಕಾರಿ ವ್ಯವಸ್ಥೆಯ ದೊಡ್ಡ ತಾಣಗಳು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ, ತುರ್ತು ಅಲ್ಲದಿದ್ದಾಗ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ಸ್ಕ್ಯಾನಿಗೆ ಕಾಯುವ ದಿನಗಳಲ್ಲೇ ಆ ಕಾಗದ ಮಾಡಿಸಿಕೊಳ್ಳಿ.

ಆಪರೇಷನ್ ಆದ ಮೇಲೂ ಮುಗಿಯದ ಪತ್ತೆ

ತೆಗೆದ ಗಡ್ಡೆಯ ರಿಪೋರ್ಟು ಬರಲು ಒಂದೆರಡು ವಾರ. ಅದರಲ್ಲಿ 'ಬಾಲದ ಮೂಳೆ ಸೇರಿದೆ' ಎಂದು ಬರೆದಿದೆಯೋ ನೋಡಿ. 1951ರಲ್ಲೇ ಅಮೆರಿಕದ ಮಕ್ಕಳ ಶಸ್ತ್ರಚಿಕಿತ್ಸಕ ರಾಬರ್ಟ್ ಗ್ರಾಸ್ ಮತ್ತು ಸಂಗಡಿಗರು ತೋರಿಸಿಕೊಟ್ಟ ವಿಷಯ ಇದು: ಬಾಲದ ಮೂಳೆ ಉಳಿಸಿದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳಲ್ಲಿ ಗಡ್ಡೆ ಮರಳಿತ್ತು. ಆ ಮೂಳೆ ಇಲ್ಲದೆ ಮಗು ಕೂರುತ್ತದೆ, ಓಡುತ್ತದೆ, ಏನೂ ಕಡಿಮೆಯಾಗದು. ಬರೆದಿಲ್ಲದಿದ್ದರೆ ಕೇಳಿ.

ರಿಪೋರ್ಟಿನಲ್ಲಿ ಮೂರು ಪದಗಳಲ್ಲಿ ಒಂದು ಇರುತ್ತದೆ. ಮೆಚ್ಯೂರ್ ಎಂದರೆ ಬಲಿತ, ಸೌಮ್ಯ ಅಂಗಾಂಶ. ಇಮ್ಮೆಚ್ಯೂರ್ ಎಂದರೆ ಇನ್ನೂ ಬಲಿಯದ ಅಂಗಾಂಶ. ಇದನ್ನು ಕ್ಯಾನ್ಸರ್ ಎಂದು ತಿಳಿದು ಅಳುವವರೇ ಹೆಚ್ಚು, ಎಳೆಗೂಸಿನಲ್ಲಿ ಅದು ಹಾಗಲ್ಲ. ಪೂರ್ತಿ ತೆಗೆದಿದ್ದರೆ ಸಾಮಾನ್ಯವಾಗಿ ಕೀಮೊ ಇಲ್ಲದೆ ಕಾದು ನೋಡುತ್ತಾರೆ, ಗಮನ ಮಾತ್ರ ಹೆಚ್ಚು ಬೇಕು. ಮೂರನೆಯದು ಯೋಕ್ ಸ್ಯಾಕ್ ಟ್ಯೂಮರ್, ಅದು ಕ್ಯಾನ್ಸರ್. ಅದಕ್ಕೂ ಪ್ಲಾಟಿನಂ ಸೇರಿದ ಕೀಮೊ ಚೆನ್ನಾಗಿ ಕೆಲಸ ಮಾಡುತ್ತದೆ. ಸಿಸ್‌ಪ್ಲಾಟಿನ್ ಕೊಡುವುದಾದರೆ ಮೊದಲೇ ಕಿವಿಯ ಪರೀಕ್ಷೆ ಆಗಿರಲಿ, ಅದು ಕೇಳುವ ಶಕ್ತಿಗೆ ಪೆಟ್ಟು ಕೊಡಬಲ್ಲದು.

ಮೆಚ್ಯೂರ್ ಎಂದು ಬಂದರೂ ಕನಿಷ್ಠ ಮೂರು ವರ್ಷ ಬಂದು ಹೋಗಬೇಕು: ಸುಮಾರು ಮೂರು ತಿಂಗಳಿಗೊಮ್ಮೆ ಎಎಫ್‌ಪಿ, ಪ್ರತಿ ಭೇಟಿಯಲ್ಲೂ ಬೆರಳಿನ ಪರೀಕ್ಷೆ, ಬೇಕೆನಿಸಿದರೆ ಸ್ಕ್ಯಾನ್. ಸೌಮ್ಯವೆಂದು ತೆಗೆದ ಜಾಗದಲ್ಲಿ ಒಂದೆರಡು ವರ್ಷಕ್ಕೆ ಕ್ಯಾನ್ಸರ್ ರೂಪದಲ್ಲಿ ಮರಳಿದ್ದುಂಟು, ಮತ್ತು ಅದನ್ನು ಮೊದಲು ಹೇಳಿದ್ದು ಅನೇಕ ಸಲ ಆ ಎಎಫ್‌ಪಿ ಅಂಕಿ. ಮಲ ಮೂತ್ರದ ಹಿಡಿತದ ತೊಂದರೆ ಕೆಲವರಿಗೆ ಉಳಿಯುತ್ತದೆ. ಶಾಲೆಗೆ ಸೇರಿಸುವ ಮೊದಲು ಅದನ್ನು ಬಾಯಿಬಿಟ್ಟು ಹೇಳಿದರೆ ಪರಿಹಾರ ಹುಡುಕಬಹುದು.

ಮಲಬದ್ಧತೆಯ ಚೀಟಿಕಟ್ಟು ಹೊತ್ತು ಬಂದಿದ್ದ ಆ ಹುಡುಗಿಯ ನೋಟ್‌ಬುಕ್ಕಿನ ಎಎಫ್‌ಪಿ ಹಾಳೆ ನನ್ನ ಮೇಜಿನ ಮೇಲೆ ಆಗಾಗ ಬರುತ್ತದೆ. ಅಮ್ಮ ಅಂಕಿಗಳನ್ನು ಹಸಿರು ಪೆನ್ನಿನಲ್ಲಿ ಬರೆಯುತ್ತಾಳೆ. ಹೋದ ಸಲ ಬಂದಾಗ ಕೊನೆಯ ಆರು ಸಾಲುಗಳಲ್ಲೂ ಎರಡಂಕಿ ಇರಲಿಲ್ಲ. "ಇನ್ನೂ ಬೆರಳು ಹಾಕಿ ನೋಡ್ಬೇಕಾ ಡಾಕ್ಟ್ರೇ?" ಎಂದು ಕೇಳಿದಳು. ನೋಡಬೇಕು ಅಂದೆ. ಹುಡುಗಿ ಆಗಲೇ ಅಳು ಶುರು ಮಾಡಿದ್ದಳು.